ಅಕ್ಕ ತಂಗಿಯರ ನಡುವಿನ ರಸ್ತೆ

ರಸ್ತೆಯ ಈಚೆ ಅಕ್ಕ, ಆಚೆ ತಂಗಿ. ಆದರೂ ಇಬ್ಬರೂ ಒಂದೇ ಮೆಟ್ಟಿಲ ಮೇಲೆ ಕೂತು ಮಾತಾಡಿ ತಿಂಗಳುಗಳೇ ಕಳೆದಿದ್ದವು.

ಅಕ್ಕ ಎಂದರೆ ಆ ಬೀದಿಯ ಟೈಲರನ ತಾಯಿ. ಅವರ ಕಣ್ಣು ಮಂಜಾಗಿ ಬಹಳ ಕಾಲವಾಯಿತು. ತಂಗಿಗೆ ಕಣ್ಣು ಚುರುಕು, ಮೊಣಕಾಲು ಮಾತ್ರ ಏಳಗೊಡುವುದಿಲ್ಲ. ಹಾಗಾಗಿ ದಿನಾ ಸಂಜೆ ಅಕ್ಕನೇ ದಾಟಿ ಹೋಗುತ್ತಿದ್ದರು. ಒಂದು ಸಂಜೆ ನಡುರಸ್ತೆಯಲ್ಲಿ ಬೈಕೊಂದು ಅವರಿಗೆ ತಗುಲಿತು. ಬಿದ್ದರು, ಕೈ ಮುರಿಯಿತು. ಆಮೇಲೆ ಕೈ ಕೂಡಿತು, ಧೈರ್ಯ ಕೂಡಲಿಲ್ಲ.

"ನಾನು ಕೈ ಹಿಡಿದು ದಾಟಿಸ್ತೀನಿ ಬಾಮ್ಮ" ಎಂದು ಮಗ ಎಷ್ಟು ಕರೆದರೂ ಒಪ್ಪಲಿಲ್ಲ.

"ನಾನೇನು ಮೂಟೆನಾ, ಆ ಕಡೆ ಈ ಕಡೆ ಸಾಗಿಸೋಕೆ?"

ಅಂದಿನಿಂದ ಇಬ್ಬರೂ ತಂತಮ್ಮ ಬಾಗಿಲಲ್ಲಿ ಕೂತು ಕೂಗಿಕೊಂಡೇ ಮಾತಾಡುತ್ತಿದ್ದರು. ನಡುವೆ ಲಾರಿ ಬಂದರೆ ಅರ್ಧ ಸುದ್ದಿ ಅಕ್ಕನಿಗೆ, ಇನ್ನರ್ಧ ಲಾರಿಯವನಿಗೆ.

ಟೈಲರನ ಅಂಗಡಿ ಆಚೆ ಬದಿಯಲ್ಲಿ, ಅವನ ಚಿಕ್ಕಮ್ಮನ ಬಾಗಿಲಿಗೆ ಅಂಟಿಕೊಂಡಂತಿತ್ತು. ಒಂದು ದಿನ ಪಕ್ಕದ ಮನೆಯ ನರ್ಸಕ್ಕ ತನ್ನ ಬಿಳಿ ಕೋಟಿಗೆ ಗುಂಡಿ ಹಾಕಿಸಲು ಅಲ್ಲಿಗೆ ಬಂದಳು.

"ಪುರಸಭೆಯವರು ನಮ್ಮ ರಸ್ತೆ ಸರಿ ಮಾಡ್ತಾರಂತೆ ಕಣೋ. ಹೇಗಿರಬೇಕು ಅಂತ ನಮ್ಮನ್ನೇ ಕೇಳ್ತಾರೆ. ಭಾನುವಾರ ಬೆಳಿಗ್ಗೆ ಬಾ."

ಟೈಲರ್ ಹಲ್ಲಿನಿಂದ ದಾರ ಕಡಿದು ನಕ್ಕ. "ಕೇಳ್ತಾರೆ ಬಿಡಕ್ಕ. ಬಟ್ಟೆ ಕತ್ತರಿಸಿ ಆದ್ಮೇಲೆ ಅಳತೆ ಕೇಳಿದ ಹಾಗೆ."

"ಇನ್ನೂ ಕತ್ತರಿಸಿಲ್ಲ. ನಕ್ಷೆ ಬರೆದಿದ್ದಾರೆ ಅಷ್ಟೇ, ಬಟ್ಟೆ ಮೇಲೆ ಸೀಮೆಸುಣ್ಣದ ಗೆರೆ ಎಳೆದ ಹಾಗೆ. ಈಗ ಹೇಳಲಿಲ್ಲ ಅಂದ್ರೆ, ಆಮೇಲೆ ಕಂಕುಳಲ್ಲಿ ಬಿಗಿ ಅಂತ ಗೊಣಗ್ತಾ ಇರಬೇಕು."

"ಎಲ್ಲಾದ್ರೂ ಏನಾದ್ರೂ ಮಾಡ್ಕೊಳ್ಳಲಿ. ನನ್ನ ಅಂಗಡಿ ಮುಂದೆ ಏನೂ ಬೇಡ. ಗಿರಾಕಿಗಳು ಸ್ಕೂಟರ್ ಎಲ್ಲಿ ನಿಲ್ಲಿಸ್ತಾರೆ?"

"ಅದನ್ನೇ ಬಂದು ಹೇಳು. ಇಲ್ಲಿ ಕೂತು ಹೇಳಿದ್ರೆ ನಿನ್ನ ಸೂಜಿಗೆ ಮಾತ್ರ ಕೇಳಿಸುತ್ತೆ. ಅಮ್ಮನ್ನೂ ಕರ್ಕೊಂಡು ಬಾ."

"ಅಮ್ಮನಿಗೆ ನಕ್ಷೆ ಎಲ್ಲಿ ಕಾಣಬೇಕು?"

"ನಕ್ಷೆ ನೋಡೋಕಲ್ಲ ಮಾರಾಯ, ನಡೆಯೋಕೆ. ಬಿದ್ದವರು ಆಸ್ಪತ್ರೆಗೆ ಬಂದಾಗ ಅವರ ಮಾತು ನಾನು ಕೇಳ್ತೀನಿ. ಬೀಳೋ ಮೊದಲೇ ಯಾರಾದ್ರೂ ಕೇಳಲಿ ಅಂತ ಆಸೆ."

ಭಾನುವಾರ ಗಾಡಿಗಳನ್ನು ಬೇರೆ ದಾರಿಗೆ ತಿರುಗಿಸಿದ್ದರು. ಆ ರಸ್ತೆ ಅಷ್ಟು ಮೌನವಾಗಿದ್ದುದನ್ನು ಯಾರೂ ಕಂಡಿರಲಿಲ್ಲ. ಗುಬ್ಬಿಗಳ ದನಿ ಕೂಡ ಕೇಳುತ್ತಿತ್ತು. ಆದರೆ ಅದೆಲ್ಲ ಸ್ವಲ್ಪ ಹೊತ್ತು ಮಾತ್ರ. ಪುರಸಭೆಯ ಇಂಜಿನಿಯರಮ್ಮ ಸುಣ್ಣದ ಪುಡಿಯಲ್ಲಿ ಹೊಸ ರಸ್ತೆಯ ಗೆರೆಗಳನ್ನು ಎಳೆದು, "ನಡೆದು ನೋಡಿ, ತಪ್ಪಿದ್ರೆ ಹೇಳಿ, ಅಳಿಸ್ತೀನಿ" ಎಂದದ್ದೇ ತಡ, ಬೀದಿಗೆ ಬೀದಿಯೇ ಬಾಯಿ ಬಿಟ್ಟಿತು.

"ಇಲ್ಲಿ ಅಂಚು ಎತ್ತರ ಮಾಡಿದ್ರೆ ನನ್ನ ಗಾಡಿ ಹತ್ತಲ್ಲ ಮೇಡಂ" ಎಂದು ತರಕಾರಿಯವನು ತಳ್ಳುಗಾಡಿಯನ್ನೇ ತಂದು ತೋರಿಸಿದ. "ಇಲ್ಲಿ ಕಂಬದ ಹಿಂದೆ ನನ್ನ ಮಗಳು ನಿಂತ್ರೆ ಡ್ರೈವರಿಗೆ ಕಾಣೋದೇ ಇಲ್ಲ" ಎಂದಳು ಒಬ್ಬ ತಾಯಿ. ಇಂಜಿನಿಯರಮ್ಮ ಕಾಲಿನಿಂದ ಉಜ್ಜಿ ಅಳಿಸಿದರು, ಮತ್ತೆ ಎಳೆದರು. ತಮ್ಮ ಮಾತಿಗೆ ಗೆರೆ ಜರುಗುವುದನ್ನು ಕಂಡು, ಸುಮ್ಮನೆ ನೋಡಲು ಬಂದವರಿಗೂ ಹುರುಪು ಬಂತು.

ಟೈಲರ್ ಕೈಕಟ್ಟಿ ನಿಂತಿದ್ದ. ನಕ್ಷೆಯಲ್ಲಿ ದಾಟುವ ಜಾಗ ಅವನ ಅಂಗಡಿಯಿಂದ ದೂರ, ನೀರಿನ ಟ್ಯಾಂಕಿನ ಬಳಿ ಇತ್ತು. ಅವನಿಗೂ ಬೇಕಾದದ್ದು ಅದೇ.

ನರ್ಸಕ್ಕ "ನೀವೇ ನಡೆದು ತೋರಿಸಿ" ಎಂದು ಅವನ ತಾಯಿಯನ್ನು ಅಲ್ಲಿಗೆ ಕರೆತಂದು ಕೈ ಬಿಟ್ಟಳು. ಅಮ್ಮ ನಡೆಯತೊಡಗಿದರು. ನಡುರಸ್ತೆಗೆ ಬಂದು ನಿಂತುಬಿಟ್ಟರು. ಮುಖವನ್ನು ಅತ್ತ ಇತ್ತ ತಿರುಗಿಸಿದರು. ಟೈಲರ್ ಹತ್ತಿರ ಬಂದ.

"ಏನಾಯ್ತಮ್ಮ?"

"ಮಿಷನ್ ಯಾಕೋ ಕೇಳಿಸ್ತಿಲ್ಲ?"

"ಯಾವ ಮಿಷನ್?"

"ನಿಂದೇ ಕಣೋ, ಹೊಲಿಗೆ ಮಿಷನ್. ಅದರ ಸದ್ದು ಹಿಡಿದುಕೊಂಡೇ ಅಲ್ವಾ ನಾನು ದಾಟ್ತಿದ್ದದ್ದು? ಎದುರಿಗೆ ಕೇಳಿದ್ರೆ ನಿನ್ನ ಚಿಕ್ಕಮ್ಮನ ಮನೆ, ಬೆನ್ನಿಗೆ ಕೇಳಿದ್ರೆ ನಮ್ಮನೆ. ನಾನು ಬಿದ್ದ ದಿನ ನೀನು ಟೀ ಕುಡಿಯೋಕೆ ಎದ್ದು ಹೋದೆ. ಸದ್ದು ನಿಂತಿತು, ನಾನೂ ದಿಕ್ಕು ತಪ್ಪಿ ನಿಂತೆ."

ಅವರ ದನಿಯಲ್ಲಿ ದೂರು ಇರಲಿಲ್ಲ. ಟೈಲರ್ ಅಂಗಡಿಗೆ ಓಡಿದ. ಬಟ್ಟೆ ಇಲ್ಲ, ದಾರ ಇಲ್ಲ, ಬರಿ ಮಿಷನ್ ತುಳಿಯತೊಡಗಿದ.

ಟಕಟಕಟಕ ಸದ್ದು ಬೀದಿ ತುಂಬಿತು. ನರ್ಸಕ್ಕ ಅಮ್ಮನನ್ನು ಅವರ ಮನೆ ಬಾಗಿಲಿಗೆ ತಂದು ನಿಲ್ಲಿಸಿದಳು. ಅಮ್ಮ ತಲೆಯೆತ್ತಿ ಒಂದು ಗಳಿಗೆ ಆಲಿಸಿದರು. ಆಮೇಲೆ ನೆಟ್ಟಗೆ, ನೂಲು ಹಿಡಿದಂತೆ ನಡೆದರು. ಇಂಜಿನಿಯರಮ್ಮ ಅವರ ಹೆಜ್ಜೆಯ ಹಿಂದೆಯೇ ಸುಣ್ಣ ಚೆಲ್ಲುತ್ತ ಬಂದರು.

ಆಚೆ ಮೆಟ್ಟಿಲ ಮೇಲೆ ತಂಗಿ ಎರಡೂ ಕೈ ಚಾಚಿ ಕೂತಿದ್ದರು. "ಬಂದ್ಯಾ ಅಕ್ಕ? ಲಾರಿಯವನಿಗೆ ನಮ್ಮನೆ ಸುದ್ದಿ ಎಲ್ಲಾ ಗೊತ್ತಾಗಿ ಹೋಯ್ತಲ್ಲೇ" ಎಂದರು. ಬೀದಿಯೆಲ್ಲ ಗೊಳ್ಳೆಂದಿತು.

"ದಾಟೋ ಜಾಗ ಇಲ್ಲೇ ಆಗಬೇಕು" ಎಂದರು ಇಂಜಿನಿಯರಮ್ಮ. "ಆದ್ರೆ ಮಿಷನ್ ಒಂದನ್ನೇ ನಂಬೋಕಾಗಲ್ಲ. ಇವರಿಗೂ ಊಟ, ಟೀ ಬೇಡವಾ? ಪಾದಕ್ಕೆ ತಿಳಿಯೋ ಹಾಗೆ ಉಬ್ಬು ಗೆರೆಯ ಕಲ್ಲು ಹಾಕೋಣ. ಜಾಗವನ್ನ ಸ್ವಲ್ಪ ಎತ್ತರಿಸಿದ್ರೆ ಗಾಡಿಗಳು ತಾವಾಗೇ ನಿಧಾನ ಆಗ್ತವೆ." ಆಮೇಲೆ ಟೈಲರನ ಕಡೆ ತಿರುಗಿದರು. "ಆದ್ರೆ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸೋಕಾಗಲ್ಲ. ಪರವಾಗಿಲ್ವಾ?"

"ಇವನ ಅಂಗಡಿ ಮುಂದೆ ಏನೂ ಬೇಡವಂತೆ" ಎಂದು ನರ್ಸಕ್ಕ ಕಾಲೆಳೆದಳು.

ಟೈಲರನ ಕಾಲು ಇನ್ನೂ ಮಿಷನ್ ತುಳಿಯುತ್ತಲೇ ಇತ್ತು. "ಗೆರೆ ದಪ್ಪಗೆ ಎಳೀರಿ ಮೇಡಂ. ಸ್ಕೂಟರ್ ಟ್ಯಾಂಕ್ ಹತ್ತಿರ ನಿಲ್ಲಿಸಿ ಬರಲಿ. ನಮ್ಮಮ್ಮ ನಡೀತಾರಂತೆ, ಗಿರಾಕಿಗಳಿಗೇನು ಧಾಡಿ?"

ಈಗ ಅಲ್ಲಿ ಉಬ್ಬು ಗೆರೆಯ ಕಲ್ಲುಗಳು ಬಂದಿವೆ. ಮಿಷನ್ ನಿಂತಿದ್ದರೂ ಅಮ್ಮನ ಪಾದಕ್ಕೆ ದಾರಿ ಗೊತ್ತು. ಆದರೂ ಸಂಜೆ ಅಮ್ಮ ಆ ಮೆಟ್ಟಿಲು ಮುಟ್ಟುವವರೆಗೆ ಟೈಲರ್ ಟೀಗೆ ಏಳುವುದಿಲ್ಲ.

ನಿಮ್ಮ ಬೀದಿಯನ್ನೂ ಸರಿಪಡಿಸುವ ದಿನ ಬರಬಹುದು. ಅದಕ್ಕೆ ಕರೆ ಬಂದರೆ ಹೋಗಿ. ಕರೆಯದಿದ್ದರೆ ನೀವೇ ನಾಲ್ಕು ಮನೆಯವರು ಸೇರಿ ಪುರಸಭೆಗೆ ಹೋಗಿ, ಕೆಲಸ ಶುರುವಾಗುವ ಮೊದಲೇ ನಕ್ಷೆ ತೋರಿಸಿ ಎಂದು ಕೇಳಿ. ಒಬ್ಬರೇ ಹೋಗಬೇಡಿ. ನಿಮ್ಮ ಬೀದಿಯಲ್ಲಿ ದಾಟುವುದನ್ನೇ ಬಿಟ್ಟು ಬಾಗಿಲಲ್ಲಿ ಕೂತವರು ಯಾರಾದರೂ ಇದ್ದೇ ಇರುತ್ತಾರೆ. ಅವರನ್ನು ಜೊತೆಗೆ ಕರೆದುಕೊಂಡು ಹೋಗಿ. ಅವರು ನಡೆದು ತೋರಿಸಲಿ. ಎಲ್ಲಿ ನಿಂತುಬಿಡುತ್ತಾರೋ, ಅಲ್ಲಿ ನೀವೂ ನಿಂತು, ಯಾಕೆ ಎಂದು ಕೇಳಿ.