ಇಪ್ಪತ್ಮೂರು ಜನರ ರಿಯಾಕ್ಷನ್

ನಮ್ಮ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ನಿಜವಾಗಿ ಪ್ರಯೋಗ ಮಾಡಿದವರು ಈ ಇಪ್ಪತ್ತೆರಡು ವರ್ಷಗಳಲ್ಲಿ ನನಗೆ ಸಿಕ್ಕಿದ್ದು ಬೆರಳೆಣಿಕೆಯಷ್ಟು. ಮಾಡಿದ ಹಾಗೆ ನಟಿಸಿದವರಿಗೆ ಲೆಕ್ಕವಿಲ್ಲ. ನಾನು ಇಲ್ಲಿ ದ್ರಾವಣ ತಯಾರಿಸುವವಳು, ಬ್ಯೂರೆಟ್ಟು ತೊಳೆಯುವವಳು, ಒಡೆದ ಗಾಜು ಗುಡಿಸುವವಳು. ಪದವಿ ಇಲ್ಲದಿದ್ದರೂ ಕಣ್ಣು ಚೆನ್ನಾಗಿದೆ.

ವಿಭಾಗದ ಮುಖ್ಯಸ್ಥರಿಗೆ ಮಕ್ಕಳು ಇಟ್ಟ ಹೆಸರು ಸ್ಥಿರಾಂಕ. ಅವರ ಪಾಠ, ಜೋಕು, ಶರಟು ಯಾವುದೂ ಬದಲಾಗುವುದಿಲ್ಲ. ಪ್ರತಿ ವರ್ಷ ಹಲಗೆಯ ಮೇಲೆ ಒಂದು ಗುಡ್ಡ ಬರೆಯುತ್ತಾರೆ. ಕ್ರಿಯೆ ನಡೆಯಬೇಕಾದರೆ ಅಣುಗಳು ಈ ಗುಡ್ಡ ಹತ್ತಿಳಿಯಬೇಕು, ವೇಗವರ್ಧಕ ಹಾಕಿದರೆ ತಗ್ಗಿನ ಇನ್ನೊಂದು ದಾರಿ ಸಿಗುತ್ತದೆ, ವೇಗವರ್ಧಕ ಮಾತ್ರ ಖರ್ಚಾಗದೆ ಉಳಿಯುತ್ತದೆ ಅನ್ನುತ್ತಾರೆ. ಪಾಠ ಸರಿಯಾಗಿಯೇ ಇದೆ. ಅದು ಲ್ಯಾಬಿನಲ್ಲೂ ನಡೆಯುವ ಸಂಗತಿ ಎಂದು ಅವರಿಗೆ ಯಾರೂ ಹೇಳಿದಂತಿಲ್ಲ.

ಈ ಸಲದ ಪರೀಕ್ಷೆಗೆ ಬಂದದ್ದು ಎಸ್ಟರು ಎಂಬ ಹಣ್ಣಿನ ವಾಸನೆಯ ದ್ರವದ ಪ್ರಯೋಗ. ಎಸ್ಟರು ಮತ್ತು ನೀರು ಎರಡನ್ನೇ ಸೇರಿಸಿಟ್ಟರೆ ವಾರಗಟ್ಟಲೆ ಮುಖ ಮುಖ ನೋಡುತ್ತ ಕೂತಿರುತ್ತವೆ. ಆಸಿಡ್ ಹಾಕಿದರೆ ಕ್ರಿಯೆ ಚುರುಕಾಗುತ್ತದೆ, ಅದೇ ಇಲ್ಲಿ ವೇಗವರ್ಧಕ. ಹತ್ತು ನಿಮಿಷಕ್ಕೊಮ್ಮೆ ಮಿಶ್ರಣದಿಂದ ಐದು ಎಂ.ಎಲ್. ತೆಗೆದು, ಅದರ ಆಮ್ಲವೆಲ್ಲ ತೀರಿ ಗುಲಾಬಿ ಬಣ್ಣ ಬರುವವರೆಗೆ ಬ್ಯೂರೆಟ್ಟೆಂಬ ಅಳತೆಗೆರೆಯ ಗಾಜಿನ ಕೊಳವೆಯಿಂದ ಕ್ಷಾರ ಹನಿಸಬೇಕು. ಕ್ರಿಯೆ ಮುಂದುವರಿದಂತೆ ಹೊಸ ಆಮ್ಲ ಹುಟ್ಟುತ್ತದೆ, ಬೇಕಾಗುವ ಕ್ಷಾರವೂ ಹೆಚ್ಚುತ್ತದೆ.

ನಾನು ತುಂಬಿಸಿಟ್ಟ ಆಸಿಡ್ ಬಾಟ್ಲಿ ಎತ್ತಿಕೊಂಡು ಇಪ್ಪತ್ನಾಲ್ಕು ಜನ ಶುರುಮಾಡಿದರು. ಮೊದಲ ಹತ್ತು ನಿಮಿಷದಲ್ಲೇ ಒಬ್ಬಳು ಕೈಯೆತ್ತಿದಳು. ಸದಾ 'ಯಾಕೆ ಸಾರ್' ಎಂದು ಕೇಳುವುದರಿಂದ ಸ್ಥಿರಾಂಕರು ಅವಳನ್ನು ಯಾಕಮ್ಮ ಎಂದೇ ಕರೆಯುತ್ತಿದ್ದರು. ಹೋದ ವರ್ಷ ಈ ಪರೀಕ್ಷೆಯಲ್ಲಿ ಫೇಲಾದವಳು. ಈ ಸಲವೂ ಆದರೆ ಕೋರ್ಸಿನಿಂದಲೇ ಹೊರಗೆ.

"ಸಾರ್, ಒಂದೇ ಹನಿಗೆ ಗುಲಾಬಿ ಆಗ್ತಿದೆ. ಬಾಟ್ಲೀಲಿ ಆಸಿಡ್ಡೇ ಇಲ್ಲ ಅನ್ಸುತ್ತೆ."

"ಉಳಿದೋರಿಗೆಲ್ಲ ಬರ್ತಿದೆ, ನಿಂಗೊಬ್ಬಳಿಗೆ ಯಾಕಮ್ಮ ಬರಲ್ಲ? ಸುಮ್ನೆ ಮಾಡು."

ಎಲ್ಲರೂ ನಕ್ಕರು. ಬಾಟ್ಲಿ ತುಂಬಿಸಿದ ನನಗೂ ಅವಳ ಮೇಲೆ ಮೈ ಉರಿಯಿತು. ಪಾಪ, ಉಳಿದವರು ತಲೆ ಬಗ್ಗಿಸಿ ಬರೆಯುತ್ತಲೇ ಇದ್ದರು. ಬ್ಯೂರೆಟ್ಟಿನ ನಲ್ಲಿ ತಿರುಗಿಸಿ, ಕ್ಷಾರವನ್ನು ಸಿಂಕಿಗೆ ಬಿಟ್ಟು, ಮಟ್ಟವನ್ನು ಬೇಕಾದ ಗೆರೆಗೆ ಇಳಿಸಿಕೊಳ್ಳುತ್ತಿದ್ದರು. ಅಷ್ಟು ಶ್ರಮಕ್ಕೆ ಪ್ರಯೋಗವನ್ನೇ ಮಾಡಬಹುದಿತ್ತು.

ಪರೀಕ್ಷೆ ಮುಗಿದ ಮೇಲೆ ಕ್ಯಾನುಗಳನ್ನು ಎತ್ತಿಡಲು ಹೋದೆ. ಹಿಂದಿನ ದಿನ ನಾನೇ ತಯಾರಿಸಿದ ಆಸಿಡ್ಡಿನ ಕ್ಯಾನು ಮುಚ್ಚಳ ಬಿಚ್ಚದೆ ತುಂಬಿಕೊಂಡಿತ್ತು. ಪಕ್ಕದ ಬಟ್ಟಿ ಇಳಿಸಿದ ನೀರಿನ ಕ್ಯಾನು ಖಾಲಿ. ಇಪ್ಪತ್ನಾಲ್ಕು ಬಾಟ್ಲಿಗೂ ನಾನು ನೀರು ತುಂಬಿದ್ದೆ. ಬೇರೆಯವರ ತಪ್ಪಿಗೆ ಮೂಗು ಮುರಿಯುವವಳ ಕೆಲಸ ಇದು!

ಓಡಿಹೋಗಿ ಹೇಳಿದೆ. ಹೊರಗಿನಿಂದ ಬಂದ ಪರೀಕ್ಷಕರು ಸ್ಥಿರಾಂಕರ ಎದುರು ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರು. ಇಪ್ಪತ್ಮೂರು ಪತ್ರಿಕೆಗಳಲ್ಲಿ ಅಳತೆ ಅಚ್ಚುಕಟ್ಟಾಗಿ ಏರಿತ್ತು, ಗ್ರಾಫಿನ ಗೆರೆ ನೂಲು ಹಿಡಿದಂತಿತ್ತು. ಯಾಕಮ್ಮನ ಪತ್ರಿಕೆಯಲ್ಲಿ ಮಾತ್ರ ಸಾಲಾಗಿ 'ಒಂದು ಹನಿ', ಕೆಳಗೆ 'ಆಸಿಡ್ ಇಲ್ಲ' ಎಂಬ ಷರಾ. ಅದರ ಮೇಲೆ ಕೆಂಪು ಸೊನ್ನೆ.

"ನೀರಂತೆ!" ಎಂದರು ಸ್ಥಿರಾಂಕರು. "ಇಪ್ಪತ್ಮೂರು ಜನಕ್ಕೆ ರಿಯಾಕ್ಷನ್ ಆಗಿದೆಯಲ್ಲಮ್ಮ!"

"ಸಾರ್, ಆ ಹುಡುಗಿ ಒಬ್ಬಳೇ ಸರಿ ಬರ್ದಿರೋದು."

ಪರೀಕ್ಷಕರು ಪೆನ್ನಿನ ಕ್ಯಾಪು ಹಾಕಿ ನನ್ನತ್ತ ತಿರುಗಿದರು. "ಅವಳು ಸರಿ ಅಂದ್ರೆ ಇವರೆಲ್ಲ ಫೇಲು. ಆಮೇಲೆ ವಿಚಾರಣೆ, ನಿಮ್ಮ ಕೆಲಸಕ್ಕೂ ಸಂಚಕಾರ. ಬೇಡ. ಅವಳನ್ನೇ ಕರೀರಿ, ಹೊಸ ಹಾಳೆ ಕೊಡಿ. ಎಲ್ಲರ ಹಾಗೆ ಬರೀಲಿ, ಪಾಸು ಮಾಡೋಣ."

ಎಂಥ ದಯಾವಂತರು! ಇಬ್ಬರಿಗೂ ಮುಖಕ್ಕೆ ಹೊಡೆದಂತೆ ಹೇಳಬೇಕೆಂದು ಬಾಯಿ ತೆರೆದೆ. ಕೆಲಸ ಎಂಬ ಮಾತು ನೆನಪಾಗಿ ಮುಚ್ಚಿದೆ.

ಬಸ್ ಸ್ಟಾಪಿನಲ್ಲಿದ್ದ ಅವಳನ್ನು ಕರೆತಂದೆ. ದಾರಿಯಲ್ಲಿ ಎಲ್ಲ ಹೇಳಿದೆ, ನನ್ನ ತಪ್ಪನ್ನೂ. ಅವಳು ಖಾಲಿ ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ಕೂತು, ಹಾಳೆಯ ಮೇಲೆ ಪಟ್ಟಿ ಎಳೆದು, ಕೊನೆಗೆ ಕೇಳಿದಳು.

"ಸೊನ್ನೆ ನಿಮಿಷಕ್ಕೆ ಎಷ್ಟು ಬರೀಲಿ ಅಕ್ಕ?"

"ಇಪ್ಪತ್ನಾಲ್ಕು ಪಾಯಿಂಟ್ ಎರಡು. ಹತ್ತಕ್ಕೆ ಇಪ್ಪತ್ತೈದು ಪಾಯಿಂಟ್ ಎರಡು. ಇಪ್ಪತ್ತಕ್ಕೆ ಇಪ್ಪತ್ತಾರು ಪಾಯಿಂಟ್ ಒಂದು..."

ಪುಸ್ತಕ ನೋಡಬೇಕಾಗಲಿಲ್ಲ. ಪ್ರತಿ ವರ್ಷ ಮಕ್ಕಳು ಒಬ್ಬರಿಗೊಬ್ಬರು ಪಿಸುಗುಟ್ಟುವುದನ್ನು ಕೇಳಿ ಕೇಳಿ ಬಾಯಿಪಾಠವಾಗಿತ್ತು. ಕೊನೆಯ ಅಂಕಿಯವರೆಗೂ ತಡವರಿಸದೆ ಒಪ್ಪಿಸಿದೆ.

ಅವಳು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿ ನನ್ನನ್ನೇ ನೋಡಿದಳು. ಇಷ್ಟು ವರ್ಷ ನಾನು ಪ್ರಯೋಗ ಮಾಡಿದ ಹಾಗೆ ನಟಿಸುವವರನ್ನೆಲ್ಲ ನೋಡುತ್ತಿದ್ದದ್ದು ಹಾಗೆಯೇ.