ಸುಬೇದಾರನ ಎಡಗಾಲು

ಚರ್ಮದ ಹಲಗೆಗೆ ಮೊದಲ ಪೆಟ್ಟು ಬಿದ್ದದ್ದೇ ತಡ, ಗಂಡ ಹಂಪಣ್ಣನ ಹೆಣದ ಪಕ್ಕ ಕುಳಿತು ಅಳುತ್ತಿದ್ದ ಅಮೃತಮ್ಮ ಅಳುವನ್ನು ಅರ್ಧಕ್ಕೇ ಬಿಟ್ಟು ದಡಕ್ಕನೆ ಎದ್ದಳು. ಕೈಯಲ್ಲಿದ್ದ ಹಗ್ಗ ಬಿಗಿದಿತ್ತು. ಅದರ ಇನ್ನೊಂದು ತುದಿಯಲ್ಲಿ, ಕೊರಳಿಗೆ ತಳವಿಲ್ಲದ ಬಕೆಟ್ಟಿನಂಥ ಪ್ಲಾಸ್ಟಿಕ್ ಬುಟ್ಟಿ ಹಾಕಿಕೊಂಡ ಸುಬೇದಾರನೆಂಬ ಕಂದು ನಾಯಿ ಗೋಡೆ ಹಾರಲು ಮುಂಗಾಲು ಎತ್ತಿತ್ತು.

"ಏ ಭೀಮಾ! ಹಲಗಿ ನಿಂದ್ರಸೋ! ನಾಯಿ ಜಿಗೀತಂದ್ರ ಕಾಲು ಮತ್ತ ಮುರೀತದ!"

ಹಲಗೆಯವರು ಕೋಲು ಇಳಿಸಿದರು. ಹೆಣ ಹೊರುವ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದವರ ಕೈ ಅಲ್ಲೇ ನಿಂತಿತು. ಹಂಪಣ್ಣ ಮಾತ್ರ ಹಣೆ ತುಂಬ ವಿಭೂತಿ, ತಲೆಗೆ ರುಮಾಲು ಸುತ್ತಿಸಿಕೊಂಡು ಗೋಡೆಗೆ ಒರಗಿ ಕುಳಿತೇ ಇದ್ದ. ಶಹಾಪುರದ ಬಸ್‌ಸ್ಟ್ಯಾಂಡಿನ ಹಿಂದೆ ಸೈಕಲ್ ರಿಪೇರಿ ಅಂಗಡಿಯಲ್ಲಿ ಗಿರಾಕಿ ಕಾಯುತ್ತ ಜನ್ಮವೆಲ್ಲ ಕುಳಿತದ್ದೂ ಹೀಗೆಯೇ.

ಹಂಪಣ್ಣನ ಅಣ್ಣನ ಮಗ ಭೀಮಾಶಂಕರ ಮುಖ ಗಂಟಿಕ್ಕಿಕೊಂಡು ಬಂದ. ಏನು ಮಾಡಿದರೂ ನಾಲ್ಕು ಊರಿಗೆ ಕೇಳುವಂತೆ ಮಾಡಬೇಕೆನ್ನುವ ಆಸಾಮಿ.

"ಕಾಕಿ, ಸುರಪುರದಿಂದ ಹಲಗಿ ಮಂದಿ ಕರಸೀನಿ. ಪಟಾಕಿ ಸರ ತಂದೀನಿ. ಇಷ್ಟು ವರ್ಷ ಬಾಳಿದ ಮನಶಾನ್ನ ಗಪ್‌ಚುಪ್ ಒಯ್ದ್ರ ಮಂದಿ ಏನಂದಾರು?"

"ನಿಮ್ಮ ಕಾಕಾ ಏನಂತಾರ ಅದನ್ನ ಮೊದಲ ಕೇಳು."

"ಕಾಕಾ ಎಲ್ಲಿ ಅದಾನ ಕೇಳಾಕ?"

"ಅದಕ್ಕೇ ನಾ ಹೇಳಾಕತ್ತೀನಿ."

ಮೂಲೆಯಲ್ಲಿದ್ದ ಮುದುಕಿ ಮಲ್ಲಾಬಾಯಿ ಗಲ್ಲಕ್ಕೆ ಕೈ ಹಚ್ಚಿದಳು. "ಶಿವಶಿವಾ, ಗಂಡನ ಕಾಲ ಬಲ್ಲಿ ಕುಂಡ್ರೂದು ಬಿಟ್ಟು ನಾಯಿ ಕಾಲು ಹಿಡ್ದಾಳ ನೋಡ್ರವ್ವ!"

"ಅವರ ಕಾಲಿಗೆ ಇನ್ನ ಏನೂ ಆಗಂಗಿಲ್ಲ ಬಿಡವ್ವ," ಎಂದಳು ಅಮೃತಮ್ಮ. "ಇದರದ್ದು ಇನ್ನೂ ಕೂಡಬೇಕು."

ಅಳುತ್ತಿದ್ದ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

*

ಸುಬೇದಾರ ಯಾವ ಮನೆತನದ ನಾಯಿಯೂ ಅಲ್ಲ. ಹಂಪಣ್ಣನ ಅಂಗಡಿಯ ಹಳೇ ಟಯರಿನೊಳಗೆ ಮಲಗಿ ಬೆಳೆದದ್ದು. ಮದುವೆ ಮೆರವಣಿಗೆಯೊಂದರ ಪಟಾಕಿಗೆ ಬೆದರಿ ಓಡಿ, ಟಂಟಂ ಗಾಡಿಗೆ ಸಿಕ್ಕು, ಹಿಂದಿನ ಎಡತೊಡೆಯ ಎಲುಬು ಎರಡು ತುಂಡಾಗಿತ್ತು. ಊರಿನ ದನದ ಡಾಕ್ಟರು, ಇದು ಪಟ್ಟಿ ಕಟ್ಟಿದರೆ ಕೂಡುವಂಥದ್ದಲ್ಲ, ಬೀದರಿನಲ್ಲಿ ಎಲುಬಿನ ಆಪರೇಷನ್ ಮಾಡುವವರಿದ್ದಾರೆ ಎಂದರು.

"ಬೀದಿ ನಾಯಿಗೆ ಬೀದರಾ?" ಎಂದು ಅಮೃತಮ್ಮ ರಂಪ ಮಾಡಿ ಮನೆ ತಲೆಯ ಮೇಲೆ ಹೊತ್ತಳು. ಹೊತ್ತುಕೊಂಡೇ ಗಂಡನ ಜೊತೆ ಜೀಪು ಹತ್ತಿದಳು. ಒಬ್ಬನನ್ನೇ ಬಿಟ್ಟರೆ ಊಟ ಮರೆಯುವ ಗಿರಾಕಿ ಅವನು.

ಅಲ್ಲಿಯ ಡಾಕ್ಟರಬಾಯಿ ಎಲ್ಲ ಬಿಡಿಸಿ ಹೇಳಿದಳು. ರಾತ್ರಿಯಿಂದ ನಾಯಿಗೆ ಏನೂ ತಿನ್ನಿಸಬಾರದು, ಮಂಪರಿನಲ್ಲಿ ವಾಂತಿಯಾದರೆ ಜೀವಕ್ಕೇ ಕುತ್ತು. ಅದು ಉಪವಾಸ ಇದ್ದರೆ ತಾನು ಹೇಗೆ ಉಣ್ಣಲಿ ಎಂದು ಹಂಪಣ್ಣನೂ ಉಣ್ಣಲಿಲ್ಲ. ಮುಂಜಾನೆ ನಾಯಿಗಿಂತ ಅವನೇ ಹೆಚ್ಚು ಬಾಡಿದ್ದ.

ಆಪರೇಷನ್ ಆದ ಮೇಲೆ ಆಕೆ ಅಂದಳು: "ಪ್ಲೇಟು, ಸ್ಕ್ರೂ ಹಾಕೀವ್ರಿ. ಎಚ್ಚರಾಗುವಾಗ ಕುಂಯ್ ಅಂತದ, ಹೆದರಬ್ಯಾಡ್ರಿ, ಅದು ಮಂಪರು. ನೆಕ್ಕಲಾರದಂಗ ಕೊರಳಿಗೆ ಈ ಬುಟ್ಟಿ ಇರ್ಲಿ. ಗಾಯಕ್ಕ ಏನೂ ಹಚ್ಚಬ್ಯಾಡ್ರಿ. ಹೊರಗ ಒಯ್ದ್ರ ಹಗ್ಗ ಗಿಡ್ಡ ಹಿಡೀರಿ. ನಾ ಮತ್ತ ಎಕ್ಸ್‌ರೇ ನೋಡೋತನ ಓಡೂದಿಲ್ಲ, ಜಿಗಿಯೂದಿಲ್ಲ. ಒಂದು ಜಿಗಿತಕ್ಕ ಪ್ಲೇಟು ಬಗ್ಗೀತಂದ್ರ ಎಲ್ಲಾ ಮೊದಲಿಂದ."

"ನಮ್ಮ ಸೈಕಲ್ಲಿಗೂ ಅದೇ ಕಾಯ್ದೆರಿ," ಎಂದ ಹಂಪಣ್ಣ ಖುಷಿಯಿಂದ. "ಹೊಸಾ ಬೋಲ್ಟ್ ಹಾಕಿದ ಕೂಡಲೇ ಡಬಲ್ ಸೀಟ್ ಹತ್ತಬಾರದು. ಕಾಲು ಯಾವಾಗ ಊರ್ತದ್ರಿ ಬಾಯಾರ?"

"ಅದಕ್ಕ ಧೈರ್ಯ ಬಂದಾಗ. ನೀವು ಒತ್ತಾಯ ಮಾಡಬ್ಯಾಡ್ರಿ."

ಮನೆಗೆ ಬಂದರೆ ಬೇರೆಯೇ ಫಜೀತಿ. ದವಾಖಾನೆಯಿಂದ ಬಂದವರನ್ನು ಮಾತಾಡಿಸದೆ ಇರುವ ಪದ್ಧತಿ ಈ ಗಲ್ಲಿಯಲ್ಲಿಲ್ಲ. ಬ್ರೆಡ್ಡು, ಬಾಳೆಹಣ್ಣು ಹಿಡಿದು ಮಂದಿ ನಾಯಿಯನ್ನು ಮಾತಾಡಿಸಲು ಬಂದರು. ಪಕ್ಕದ ಮನೆಯ ಕುಬ್ರಾಬೇಗಂ ಬಟ್ಟಲಲ್ಲಿ ಅರಿಷಿಣ ಕಲಸಿ ತಂದಳು. ಇನ್ನೊಬ್ಬ ಅಂಗಾರದ ಬೂದಿ ಹಚ್ಚಲು ಮುಂದಾದ. ಹಂಪಣ್ಣ ಸೈಕಲ್ ಪಂಪು ಹಿಡಿದು ಬಾಗಿಲಿಗೆ ಅಡ್ಡ ಕುಳಿತ. "ಮಾತಾಡಸ್ರಿ, ಚಹಾ ಕುಡೀರಿ, ಹೋಗ್ರಿ. ಹಚ್ಚೂದಿದ್ರ ನನಗ ಹಚ್ರಿ!" ಕುಬ್ರಾಬೇಗಂ ಅವನ ಮೂಗಿಗೇ ಅರಿಷಿಣ ಹಚ್ಚಿ ಹೋದಳು.

ಹೊಲಿಗೆ ಬಿಚ್ಚಿದರು, ಬೋಳಿಸಿದ ಕೂದಲು ಚಿಗುರಿತು. ನೆಕ್ಕುವ ಚಟ ಬಿಡದ್ದರಿಂದ ಬುಟ್ಟಿ ಉಳಿಯಿತು. ಎಡಗಾಲು ಮಾತ್ರ ನೆಲ ಮುಟ್ಟಲಿಲ್ಲ. ಕಂಬ ಕಂಡಲ್ಲೆಲ್ಲ ಬಲಗಾಲು ಎತ್ತುತ್ತಿದ್ದ ಸುಬೇದಾರ ಈಗ ಹೆಣ್ಣುನಾಯಿಯ ಹಾಗೆ ಕುಕ್ಕರಗಾಲಲ್ಲಿ ಕುಳಿತು ಉಚ್ಚೆ ಹೊಯ್ಯುತ್ತಿತ್ತು. ಆಗೆಲ್ಲ ಹಂಪಣ್ಣ ಅದರ ಮಾನಕ್ಕಾಗಿ ಆ ಕಡೆ ಮುಖ ತಿರುಗಿಸುತ್ತಿದ್ದ.

"ಎಂದು ಎಡಗಾಲ ಮ್ಯಾಲ ನಿಂತು ಬಲಗಾಲು ಎತ್ತತಾನ, ಅಂದು ಗಲ್ಲಿಗೆಲ್ಲ ಪೇಡೆ ಹಂಚ್ತೀನಿ," ಎಂದು ಸಾರಿದ್ದ.

ನಿನ್ನೆ ಮುಂಜಾನೆ ಚಹಾ ಕುಡಿದು ನಾಯಿಯನ್ನು ಹೊರಗೆ ಒಯ್ಯಲು ಎದ್ದವನು ಎದೆ ತಿಕ್ಕಿಕೊಂಡ. ಎಂದೂ ಆ ಹಗ್ಗ ಮುಟ್ಟದ ಹೆಂಡತಿಯ ಕೈಗೆ ಅದನ್ನು ಕೊಟ್ಟು, "ಹಿಡ್ಕೋ, ಬಂದೆ," ಎಂದು ಒಳಗೆ ಹೋದ. ಬರಲಿಲ್ಲ.

*

"ಯವ್ವಾ, ಹಗ್ಗ ನನ್ನ ಕೈಯಾಗ ಕೊಡು," ಎಂದಳು ಮಗಳು ಸುನಿತಾ. "ನೀ ಅಪ್ಪನ ಬಲ್ಲಿ ಕುಂಡ್ರು."

"‘ಹಿಡ್ಕೋ, ಬಂದೆ’ ಅಂದಾರ," ಎಂದಳು ಅಮೃತಮ್ಮ. "ನನ್ನ ಕೈಯಾಗ ಕೊಟ್ಟು ಅಂದಾರ."

ಹಲಗೆಯವರ ಹಿರಿಯ ಬಸಲಿಂಗ ತನ್ನ ಹಲಗೆಯ ಮೋರೆ ಎದೆಗೆ ಒತ್ತಿ ಹಿಡಿದ.

"ದಾರಿಗೆ ತಾಳ, ಭಜನಿ ಅಷ್ಟೇ ಸಾಕ್ರಿ ಅವ್ವಾರ. ನಾವು ಹಿಂಗೇ ಹಿಡಕೊಂಡು ಬರ್ತೀವಿ. ಮಣ್ಣಾಗಿ, ನಾಯಿ ಮನಿ ಮುಟ್ಟಿದ ಮ್ಯಾಲ ಅಣ್ಣಾರಿಗೆ ಕೇಳಂಗ ಬಡೀತೀವಿ."

ಹೀಗೆ ಹಂಪಣ್ಣನ ಸವಾರಿ ತಾಳದ ಕಿಣಿಕಿಣಿಯಲ್ಲಿ ಹೊರಟಿತು. ವಿಮಾನದ ಹಿಂದೆ ಕೈಗಾಡಿ, ಕೈಗಾಡಿಯಲ್ಲಿ ಕೌದಿ, ಕೌದಿಯ ಮೇಲೆ ಸುಬೇದಾರ. ಮಂದಿ ತೂರಿದ ಚುರುಮುರಿ, ಚೆಂಡುಹೂವಿನ ಎಸಳು ಎಲ್ಲ ಅದರ ಕೊರಳಬುಟ್ಟಿಗೆ ಬಂದು ಬೀಳುತ್ತಿದ್ದವು. ಅದು ಚುರುಮುರಿ ತಿನ್ನುತ್ತಿತ್ತು, ಹೂವಿಗೆ ಸೀನುತ್ತಿತ್ತು. ಬೀಗರಲ್ಲಿ ಒಬ್ಬ, "ಹಂಪಣ್ಣನಕಿಂತ ಇದರ ಮೆರವಣಿಗಿನೇ ಜೋರಾತು," ಎಂದ. ಭೀಮಾಶಂಕರ ಮಾತ್ರ ನಗಲಿಲ್ಲ. ಪಟಾಕಿ ಸರವನ್ನು ಹಿಂದೆ ಬಿಗಿದುಕೊಂಡು ಮೋಟಾರ್‌ಸೈಕಲ್ ಮೇಲೆ ಮುಂದೆ ಹೋಗಿಬಿಟ್ಟ.

ಬೆಟ್ಟದ ಬುಡದ ಹೊಲದಲ್ಲಿ ಐನೋರು ಕ್ರಿಯೆ ಮುಗಿಸಿದರು. ಅಮೃತಮ್ಮ ಒಂದು ಕೈಯಲ್ಲಿ ಹಗ್ಗ ಹಿಡಿದೇ ಇನ್ನೊಂದು ಕೈಯಿಂದ ಮಣ್ಣು ಹಾಕಿದಳು. ಆಗ ದುಃಖ ಉಕ್ಕಿ ಬಂತು. ಜನ್ಮವೆಲ್ಲ ಜಗಳಾಡಿದ ಮನುಷ್ಯ. ನಾಳೆ ಚಹಾದಲ್ಲಿ ಸಕ್ಕರೆ ಕಡಿಮೆ ಎನ್ನುವವರು ಯಾರು? ಮುಚ್ಚುಮರೆಯಿಲ್ಲದೆ ಬಾಯಿ ತೆರೆದು ಅತ್ತಳು. ಕುಬ್ರಾಬೇಗಂ ಬಂದು ಅವಳ ಬೆನ್ನು ಸವರಿದಳು.

ಅಷ್ಟರಲ್ಲಿ ಸುಬೇದಾರ ಕೈಗಾಡಿಯಲ್ಲಿ ಚಡಪಡಿಸಿತು. ಹೊತ್ತಿಗೆ ಸರಿಯಾಗಿ ಹೊರಗೆ ಒಯ್ಯುವ ರೂಢಿ ಹಂಪಣ್ಣನದು. ಸುನಿತಾ ಅದನ್ನು ಎತ್ತಿ ಇಳಿಸಿದಳು. ಅಮೃತಮ್ಮ ಕಣ್ಣೊರೆಸಿಕೊಂಡು, ಡಾಕ್ಟರಬಾಯಿ ಹೇಳಿದ ಹಾಗೆ ಹಗ್ಗ ಗಿಡ್ಡ ಹಿಡಿದು ಹಿಂದೆ ನಡೆದಳು. ನಾಯಿ ಮೂರು ಕಾಲಲ್ಲಿ ಕುಂಟುತ್ತ ಮೂಸುತ್ತ ಭೀಮಾಶಂಕರನ ಮೋಟಾರ್‌ಸೈಕಲ್ಲಿನ ತನಕ ಬಂತು. ಗಾಲಿಯ ಪಕ್ಕ ಪಟಾಕಿ ಸರ ಸುರುಳಿ ಬಿಚ್ಚಿಟ್ಟಿತ್ತು. ಕೊನೆಗೆ ಒಮ್ಮೆಯಾದರೂ ಹಚ್ಚಿಯೇ ಬಿಡುವ ಹುನ್ನಾರ ಅವನದು.

ಸುಬೇದಾರ ಪಟಾಕಿಯನ್ನು ಮೂಸಿತು. ಕುಕ್ಕರಿಸಲು ಸೊಂಟ ಬಗ್ಗಿಸಿದ್ದು ಅರ್ಧಕ್ಕೇ ನಿಂತಿತು. ಎಡಗಾಲು ನೆಲ ಮುಟ್ಟಿತು, ಮೇಲಕ್ಕೆ ಹೋಯಿತು, ಮತ್ತೆ ಮುಟ್ಟಿತು. ಮೆಲ್ಲಗೆ ಬಲಗಾಲು ಮೇಲೆದ್ದಿತು.

"ಕಾಕಿ! ನನ್ನ ಪಟಾಕಿ!" ಎಂದು ಭೀಮಾಶಂಕರ ಓಡಿ ಬಂದ.

"ಅಲ್ಲೇ ನಿಂದ್ರು! ಮುಗಸಲಿ!"

ಮಣ್ಣುಗೈಯ ಮಂದಿಯೆಲ್ಲ ಸಮಾಧಿ ಬಿಟ್ಟು ಇತ್ತ ತಿರುಗಿ ನಿಂತರು. ಮಲ್ಲಾಬಾಯಿ ಗಲ್ಲದ ಮೇಲಿನ ಕೈ ತೆಗೆದಳು.

"ಭೀಮಾ," ಎಂದಳು ಅಮೃತಮ್ಮ. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. "ಗಾಡಿ ತಗೊಂಡು ಹೋಗು. ಗಲ್ಲಿಗೆಲ್ಲ ಸಾಲೂವಷ್ಟು ಪೇಡೆ ತಗೊಂಡು ಬಾ."

"ಸುಬೇದಾರ ಗಾಡಿ ಬಿಡ್ಲಿ ಮೊದಲ," ಎಂದ ಅವನು.

ಸುಬೇದಾರನಿಗೆ ಅವಸರವೇನೂ ಇರಲಿಲ್ಲ. ಪಟಾಕಿಯ ಕೆಂಪು ಬಣ್ಣ ನೆನೆದು ಮಣ್ಣಿಗೆ ಇಳಿಯುತ್ತಿತ್ತು. ಹೊಸ ಕೂದಲು ಚಿಗುರಿದ ಎಡಗಾಲು ಸಣ್ಣಗೆ ನಡುಗುತ್ತ ನಾಯಿಯ ಭಾರವನ್ನು ಹೊತ್ತು ನಿಂತಿತ್ತು, ಅಮೃತಮ್ಮನ ಕೈಯಲ್ಲಿ ಹಗ್ಗ ಸಡಿಲಾಗಿತ್ತು.