ಕಂಪ್ರೆಸರ್ ಕೆಡಿಸಿದವರು

ಎ.ಸಿ. ವಿಷಯದಲ್ಲಿ ನಾನು ಕಟ್ಟುನಿಟ್ಟಿನ ಮನುಷ್ಯ. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲವೊಂದಿತ್ತು. ಮಲ್ಕಾಜ್‌ಗಿರಿಯ ನಮ್ಮ ಪುಟ್ಟ ಮನೆಗೆ ಅದು ಬಂದ ದಿನವೇ, ಇಪ್ಪತ್ತಾರು ಡಿಗ್ರಿಗಿಂತ ಕೆಳಗೆ ಇಳಿಸಕೂಡದು ಎಂದು ಹೆಂಡತಿ ಶಂಕ್ರಮ್ಮನಿಗೆ ಹೇಳಿದ್ದೆ. ಕಿಟಕಿಯ ಸಂದಿಗಳಿಗೆ ಸ್ಪಂಜಿನ ಪಟ್ಟಿ ಅಂಟಿಸಿದ್ದೆ. ಪ್ರತಿ ಭಾನುವಾರ ಫಿಲ್ಟರ್ ಬಿಚ್ಚಿ ನಲ್ಲಿಯ ಕೆಳಗೆ ತೊಳೆಯುತ್ತಿದ್ದೆ. ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿ ಸವೆದವನಿಗೆ ಇಂಥ ಚಟಗಳು ತಾವಾಗಿಯೇ ಅಂಟಿಕೊಳ್ಳುತ್ತವೆ. "ನಿಮ್ಮ ಎ.ಸಿ.ದು ಜಳಕ ಆತೇನ್ರಿ?" ಎಂದು ಶಂಕ್ರಮ್ಮ ಛೇಡಿಸುತ್ತಿದ್ದಳು.

ಏಪ್ರಿಲ್‌ನಲ್ಲಿ ಅವಳ ಅಕ್ಕ ಗುರುದೇವಿ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಶಹಾಪುರದಿಂದ ಬಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಈಗ ಒಂದು, ಆರು ವಾರ ಬಿಟ್ಟು ಇನ್ನೊಂದು ಎಂದು ಡಾಕ್ಟರು ಹೇಳಿದ್ದರು. ಹದಿನೈದು ದಿನ ನಮ್ಮಲ್ಲೇ ಇದ್ದರು. ಎ.ಸಿ. ಕೋಣೆ ಅಕ್ಕ ತಂಗಿಯರ ಪಾಲಾಯಿತು, ಹಾಲ್‌ನ ಫ್ಯಾನು ನನ್ನ ಪಾಲಿಗೆ ಬಂತು. ಗುರುದೇವಿ ರಿಮೋಟು ಹಿಡಿದರೆಂದರೆ ಟಕಟಕ ಒತ್ತಿ ಹದಿನಾರಕ್ಕೇ ತಂದು ನಿಲ್ಲಿಸುತ್ತಿದ್ದರು. ಚಳಿಯಾದರೆ ಕೌದಿ ಹೊದ್ದುಕೊಳ್ಳುವುದು, ಬಾಗಿಲು ತೆರೆದಿಟ್ಟು ಅಡುಗೆಮನೆಯಲ್ಲಿದ್ದ ತಂಗಿಯೊಡನೆ ಮಾತಿಗಿಳಿಯುವುದು. ನನ್ನ ಮೈ ಉರಿಯುತ್ತಿತ್ತು. ನಿಜ ಹೇಳಬೇಕೆಂದರೆ, ಆ ಉರಿ ಬರೀ ಕರೆಂಟಿನದಲ್ಲ. ಒಳಗಿನಿಂದ ಇಬ್ಬರೂ ಬಿದ್ದು ಬಿದ್ದು ನಗುವುದು ಕೇಳಿಸುತ್ತಿತ್ತು. ಶಂಕ್ರಮ್ಮ ನನ್ನ ಜೊತೆ ಹಾಗೆ ನಕ್ಕದ್ದು ಯಾವಾಗ ಎಂದು ನೆನಪಿಗೆ ಬರುತ್ತಿರಲಿಲ್ಲ.

ಅವರು ಊರಿಗೆ ಹೋದ ಮೂರನೇ ದಿನ ಎ.ಸಿ. ತಂಪು ಬಿಡುವುದನ್ನು ನಿಲ್ಲಿಸಿತು. ಮೆಕ್ಯಾನಿಕ್ ಹುಲಗೇಶನನ್ನು ಕರೆಸಿದೆ. ಲಿಂಗಸುಗೂರಿನ ಕಡೆಯವನು, ಕೆಲಸದಲ್ಲೂ ಮಾತಿನಲ್ಲೂ ಚೊಕ್ಕ. ನಮ್ಮ ಓಣಿಯ ಅರ್ಧ ಮನೆಗಳ ಕೆಲಸ ಅವನಿಗೆ ಸಿಕ್ಕಿದ್ದು ನನ್ನಿಂದಲೇ. ಹೊರಗಿನ ಯಂತ್ರ ಬಿಚ್ಚಿ ಇಣುಕಿ, "ಏನೂ ಆಗಿಲ್ರಿ ಸರ. ಹಲ್ಲಿ ಹೊಕ್ಕು ಸತ್ತೈತಿ, ಒಂದು ವೈರ್ ಸುಟ್ಟೈತಿ. ಹತ್ತು ನಿಮಿಷದ ಕೆಲಸ" ಎಂದ.

ಶಂಕ್ರಮ್ಮ ಅಡುಗೆಮನೆಯಲ್ಲಿದ್ದಳು. ನಾನು ದನಿ ತಗ್ಗಿಸಿದೆ.

"ಅಕೀಗೆ ಕಂಪ್ರೆಸರ್ ಹೋಗೈತಿ ಅಂತ ಹೇಳು. ಹದಿನಾರಕ್ಕ ಇಟ್ಟು ಓಡಿಸಿದ್ದಕ್ಕ ಹೋತು ಅನ್ನು. ಎಂಟು ದಿನ ಬಿಟ್ಟು ಬಂದು ವೈರ್ ಜೋಡಸು."

"ಯಾಕ್ರಿ ಸರ?"

"ಇಬ್ಬರಿಗೂ ಒಂದು ಪಾಠ ಆಗ್ಲಿ."

"ಅದು ಸುಳ್ಳಾಕ್ಕೈತಲ್ರಿ."

"ಎಂಟು ದಿನದ್ದೋ ತಮ್ಮಾ. ಯಾರ ಗಂಟು ಹೋಗ್ತೈತಿ?"

ಅವನು ಹೇಳಿದ. ನೆಲ ನೋಡುತ್ತಾ ಹೇಳಿದ. ಶಂಕ್ರಮ್ಮ ಅದನ್ನೂ ಗಮನಿಸದೆ ನಂಬಿದಳು.

ಅಂದು ಸಂಜೆಯೇ ಅವಳು ಅಕ್ಕನಿಗೆ ಫೋನ್ ಹಚ್ಚಿದಳು. ನಾನು ಎದುರಿಗೇ ಚಹಾ ಕುಡಿಯುತ್ತಾ ಕೂತಿದ್ದೆ. "ಅವರು ಎಷ್ಟ್ ಸರ್ತಿ ಹೇಳಿದ್ರು, ನೀ ಕೇಳಲಿಲ್ಲ. ಕಂಪ್ರೆಸರ್ ಸುಟ್ಟು ಇಟ್ಟು ಹೋದಿ. ಅವರು ಪಾಪ ಹದಿನೈದು ದಿನ ಬೆವರಕೊಂತ ಹೊರಗ ಮಲಗಿದ್ರು, ತುಟಿಪಿಟಕ್ ಅನ್ನಲಿಲ್ಲ. ಒಬ್ಬರ ಮನ್ಯಾಗ ಹೆಂಗ ಇರಬೇಕಂತ ನಿನಗ ಇನ್ನೂ ತಿಳಿದಿಲ್ಲ ನೋಡು." ನನ್ನ ಹೆಂಡತಿ ನನ್ನ ಪರವಾಗಿ ಒಡಹುಟ್ಟಿದವಳ ಮೇಲೆ ಹರಿಹಾಯುತ್ತಿದ್ದಳು. ಆಗಲೇ ಫೋನ್ ಕಿತ್ತುಕೊಂಡು ನಿಜ ಹೇಳಬಹುದಿತ್ತು. ಹೇಳಲಿಲ್ಲ. ನನಗೆ ಹಿತವೆನಿಸಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅನಿಸಿದ್ದು ಅದೇ.

ಎಂಟನೇ ದಿನ ಹುಲಗೇಶ ಬಂದು ವೈರ್ ಜೋಡಿಸಿದ; ಶಂಕ್ರಮ್ಮನ ಪಾಲಿಗೆ ಅದು ಹೊಸ ಕಂಪ್ರೆಸರ್. ಕೋಣೆ ತಂಪಾಯಿತು. ಶಂಕ್ರಮ್ಮ ಕೊಟ್ಟ ಚಹಾ ಬೇಡವೆಂದು ಅವನು ಹೋದ. ಆದರೆ ಗುರುದೇವಿ ಫೋನ್ ಎತ್ತುವುದನ್ನು ಬಿಟ್ಟಿದ್ದರು. "ಅಕ್ಕ ಎತ್ತವಲ್ಲಳ್ರಿ. ನಾ ಭಾಳ ಅಂದೆನೇನೋ" ಎಂದು ಶಂಕ್ರಮ್ಮ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಸಿಟ್ಟಿಳಿದ ಮೇಲೆ ಅವರೇ ಮಾಡುತ್ತಾರೆ ಬಿಡು ಎನ್ನುತ್ತಿದ್ದೆ ನಾನು. ಹೇಳಿಬಿಡಬೇಕೆಂದು ಹತ್ತು ಸಲ ಬಾಯಿ ತೆರೆದೆ. ಹತ್ತು ಸಲವೂ ನೀರು ಬಂತೇನು, ಹಾಲು ಬಂತೇನು ಎಂಬ ಮಾತೇ ಹೊರಬಂತು. ಮೇ ತಿಂಗಳು ಹಾಗೆಯೇ ಕಳೆಯಿತು.

ಜೂನ್ ಮೊದಲ ವಾರ ಗುರುದೇವಿಯವರ ಮಗ ಚನ್ನು ಫೋನ್ ಮಾಡಿದ. ಅವನು ಶಹಾಪುರ ಡಿಪೋದಲ್ಲಿ ಕಂಡಕ್ಟರ್. "ಚಿಗವ್ವಾ, ಅವ್ವನ ಎರಡನೇ ಕಣ್ಣಿಂದು ನಿನ್ನೆ ಆತು. ನಿಮ್ಮ ಊರಾಗೇ, ಕೂಕಟ್‌ಪಲ್ಲಿಯಾಗ ದವಾಖಾನಿ ಹಿಂದಿನ ಛತ್ರದಾಗ ಅದೀವಿ. ನಿಮಗ ಹೇಳಬ್ಯಾಡ ಅಂದಿದ್ಲು. ನನಗ ನಾಳೆ ಡ್ಯೂಟಿ ಐತಿ." ಶಂಕ್ರಮ್ಮ ಉಟ್ಟ ಸೀರೆಯಲ್ಲೇ ಹೊರಟಳು. ಅಮೀರ್‌ಪೇಟೆಯಲ್ಲಿ ಮೆಟ್ರೋ ಬದಲಿಸುವಾಗಲೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ಇದ್ದಳು. ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

ಛತ್ರದ ಉದ್ದನೆಯ ಕೋಣೆಗೆ ತಗಡಿನ ಚಾವಣಿ. ಮಧ್ಯಾಹ್ನದ ಝಳಕ್ಕೆ ಫ್ಯಾನು ಬಿಸಿಗಾಳಿಯನ್ನೇ ತಿರುವಿ ಹಾಕುತ್ತಿತ್ತು. ಮೂಲೆಯ ಕಬ್ಬಿಣದ ಮಂಚದ ಮೇಲೆ ಗುರುದೇವಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಒದ್ದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೂತಿದ್ದರು. ಚನ್ನು ಔಷಧಿ ತರಲು ಹೋಗಿದ್ದ.

"ಇಲ್ಲ್ಯಾಕ ಇಳದಿ ಅಕ್ಕಾ?" ಎಂದು ಶಂಕ್ರಮ್ಮ ಕೇಳಿದಳು.

ಗುರುದೇವಿ ನನ್ನ ಕಡೆ ತಿರುಗಿದರು. "ಅಮರಯ್ಯನವರ, ಸಿಟ್ಟಾಗಬ್ಯಾಡ್ರಿ. ಮತ್ತ ಬಂದು ಇನ್ನೊಂದೇನರ ಕೆಡಿಸಬಾರದಂತ ಇಲ್ಲಿ ಇಳದೆ. ಆವಾಗ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕ ಪೊರೆ. ಆ ರಿಮೋಟಿನ್ಯಾಗ ಎಷ್ಟೈತಿ ಅಂತ ನನಗ ಕಾಣ್ತಿರಲಿಲ್ರಿ. ಮೈಗೆ ತಂಪು ತಟ್ಟೂತನಕ ಒತ್ತುತಿದ್ದೆ."

ಹದಿನೈದು ದಿನ ನಾನು ಆ ಬೆರಳನ್ನೇ ದುರುಗುಟ್ಟಿ ನೋಡಿದ್ದೆ. ಕಣ್ಣು ಕಾಣದೆಂದೇ ನಮ್ಮ ಮನೆಗೆ ಬಂದವರಿಗೆ ಅಂಕಿ ಕಾಣುತ್ತಿಲ್ಲ ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ. ಎದುರಿನ ಖಾಲಿ ಮಂಚದ ಮೇಲೆ ಕೂತೆ.

"ಕಂಪ್ರೆಸರ್ ಹೋಗಿರಲಿಲ್ರಿ," ಎಂದೆ. "ಹಲ್ಲಿ ಸತ್ತು ವೈರ್ ಸುಟ್ಟಿತ್ತು. ಹುಲಗೇಶನ ಕೈಲೆ ಸುಳ್ಳು ಹೇಳಿಸಿದವ ನಾನು."

"ಯಾವ ಹಲ್ಲಿರಿ?" ಎಂದರು ಗುರುದೇವಿ. ಅವರಿಗೆ ಅರ್ಥವಾಗಲಿಲ್ಲ. ಶಂಕ್ರಮ್ಮನಿಗೆ ಆಯಿತು.

ಅವಳು ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಅಕ್ಕನ ಕಾಲ ಬಳಿ ಕೂತು, ಆ ಕಾಲುಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ನೀವು ಮನಿಗೆ ನಡೀರಿ," ಎಂದಳು. "ಅಕ್ಕನ ಪಟ್ಟಿ ಬಿಚ್ಚೂತನಕ ನಾ ಇಲ್ಲೇ ಇರ್ತೀನಿ."

"ಅಕ್ಕಾರನ್ನ ಮನಿಗೇ ಕರಕೊಂಡು ಹೋಗೋಣ. ಅಲ್ಲಿ ತಂಪರ ಇರ್ತೈತಿ."

"ಆ ತಂಪು ನಿಮಗ ಇರ್ಲಿ," ಎಂದಳು ಶಂಕ್ರಮ್ಮ, ನನ್ನ ಕಡೆ ನೋಡದೆ.